ನಾಟಕದ ಥೇಟರ್ ತೋರಿಸಿದ ಪಾಡು

ಹಳೆಯದೊಂದನ್ನು ಉಳಿಸಲು ಹೊರಟವನನ್ನು ಪೇಚಿನ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ಕರೆಯಬೇಕಾದ ಅಗತ್ಯ ಬೀಳುವುದಿಲ್ಲ. ನನ್ನ ಪಾಲಿಗಂತೂ ರವಿವಾರಕ್ಕೊಂದರಂತೆ ಬಂದವು. ಈ ಸೀಮೆಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದದ್ದು ಅವು ಮಾತ್ರ.

ಜಮಖಂಡಿಯಲ್ಲಿ ಕಂಪನಿ ನಾಟಕಗಳ ಕಾಲದ ಒಂದು ಹಳೆಯ ಥೇಟರ್ ಇದೆ. ಸಾಗವಾನಿ ಕಂಬಗಳು, ಹೆಂಗಸರಿಗೆ ಬೇರೆ ಗ್ಯಾಲರಿ, ಹಗ್ಗ ಸಡಿಲಿಸಿದರೆ ಮೇಲಿನಿಂದ ಇಳಿಯುವ ಬಣ್ಣದ ಪರದೆಗಳು, ರಾಕ್ಷಸ ಪಾತಾಳದಿಂದ ಎದ್ದು ಬರಲೆಂದು ರಂಗದ ಹಲಗೆಯಲ್ಲಿ ಕೊರೆದ ಬಾಗಿಲು. ಅಲ್ಲಿ ನಾಟಕ ನಿಂತು ಬಹಳ ವರ್ಷಗಳಾದವು. ಅದನ್ನು ನೋಡಿಕೊಳ್ಳುವ ಕಮಿಟಿಯ ಅಧ್ಯಕ್ಷರು ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರಖಾನೆ ಇಟ್ಟವರು. ಸ್ವಭಾವದಿಂದ ಬಹಳ ಒಳ್ಳೆಯವರು, ತೊಂದರೆ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಥೇಟರನ್ನು ಕೆಡವಿ ಅದೇ ಜಾಗದಲ್ಲಿ ಮಂಗಲ ಕಾರ್ಯಾಲಯ ಕಟ್ಟಬೇಕು, ಊರ ಹುಡುಗಿಯರ ಲಗ್ನಕ್ಕೆ ಅನುಕೂಲವಾಗಬೇಕು ಎಂಬುದು ಅವರ ಆಸೆ.

ನಾನು ಸಕ್ಕರೆ ಕಾರಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿ ನಿವೃತ್ತನಾದವನು. ಕಲಿತದ್ದು ಬೆಳಗಾವಿಯಲ್ಲಿ, ಇಂಗ್ಲಿಷ್ ಸಾಲೆಯಲ್ಲಿ. ಅಲ್ಲಿ ಗಂಟೆ ಬಾರಿಸಿದ ಮೇಲೆ ಬಂದವನು ಹೊರಗೇ ನಿಲ್ಲುತ್ತಿದ್ದ. ಕಮಿಟಿಯ ಸಭೆಯಲ್ಲಿ ಎದ್ದು ನಿಂತು, "ಕೆಡವಕೂಡದು, ಇದು ಇತಿಹಾಸ" ಎಂದೆ. ಅಧ್ಯಕ್ಷರು ಕೈ ಮುಗಿದರು.

"ಆತ್ರಿ ಸಾಹೇಬ್ರ. ಮಳಿಗಾಲ ಹಿಡಿಯೂಕಿಂತ ಮೊದಲ ಹಳೇ ಕಟ್ಟಡ ನೋಡೂ ಇಲಾಖೆಯ ದೊಡ್ಡ ಅಧಿಕಾರಿ ಬಂದು ನೋಡ್ತಾರ. ಉಳಸ್ರಿ ಅಂದ್ರ ಉಳಸೂಣು, ಕೆಡವ್ರಿ ಅಂದ್ರ ಕೆಡವೂಣು. ಅಲ್ಲೀಮಟ ಇದರ ಮ್ಯಾಲ ಮಂದಿಗೆ ಪ್ರೀತಿ ಐತಿ ಅನ್ನೂದನ್ನ ನೀವು ತೋರಸ್ರಿ."

ತೋರಿಸುತ್ತೇನೆ ಎಂದೆ. ಪ್ರತಿ ರವಿವಾರ ಬೆಳಿಗ್ಗೆ ಥೇಟರಿನ ಬಾಗಿಲು ತೆರೆದು, ಬಂದವರನ್ನು ಒಳಗೆ ಕರೆದೊಯ್ದು, ಒಂದೊಂದು ಭಾಗವನ್ನೂ ವಿವರಿಸಿ ತೋರಿಸುವ ಕೆಲಸವನ್ನು ಮೈಮೇಲೆ ಹಾಕಿಕೊಂಡೆ. ಮಂದಿಗೆ ಪ್ರೀತಿ ಇದ್ದದ್ದು ಖರೆ. ಯಾವುದರ ಮೇಲೆ ಎಂಬುದು ಮಾತ್ರ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಹತ್ತಕ್ಕೆ ಸರಿಯಾಗಿ

ಮೊದಲ ರವಿವಾರಕ್ಕೆ ಹ್ಯಾಂಡ್‌ಬಿಲ್ ಹಂಚಿಸಿದ್ದೆ. "ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಹತ್ತು ಹೊಡೆಯಿತು. ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಜನ ಬರಲಿಲ್ಲವೆಂದು ಹೊತ್ತನ್ನು ಮುಂದೂಡುವವನು ನಾನಲ್ಲ. ಒಮ್ಮೆ ಮುಂದೂಡಿದರೆ ಮುಗಿಯಿತು, ಅದೇ ಪದ್ಧತಿಯಾಗುತ್ತದೆ. ನೆಟ್ಟಗೆ ರಂಗದ ಮುಂದೆ ಹೋಗಿ ನಿಂತು, ಖಾಲಿ ಬೆಂಚುಗಳಿಗೆ ನಮಸ್ಕಾರ ಮಾಡಿ, ಶುರು ಮಾಡಿದೆ. ಕಂಬ ತೋರಿಸಿದೆ, ಗ್ಯಾಲರಿ ತೋರಿಸಿದೆ, ಪಾತಾಳದ ಬಾಗಿಲು ಎತ್ತಿ ತೋರಿಸಿದೆ. ನಡುವೆ ಒಂದು ಕಡೆ ತಪ್ಪಿ, ಹಿಂದೆ ಹೋಗಿ ಸರಿಪಡಿಸಿಕೊಂಡೆ. ಎದುರಿನ ಚಹಾದಂಗಡಿಯವನು ಒಮ್ಮೆ ಬಾಗಿಲಲ್ಲಿ ಇಣುಕಿದ, ಸ್ವಲ್ಪ ಹೊತ್ತು ನೋಡಿದ, ಸದ್ದು ಮಾಡದೆ ಹೋದ.

ಮುಗಿಸಿ ಕೀಲಿ ಹಾಕುವಾಗ ಜನ ಬರತೊಡಗಿದರು. ಸ್ನಾನ ಮಾಡಿ, ನಾಷ್ಟಾ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಬಂದರು. ಅವರಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರಿಗೆ ಬಹಳ ಸಿಟ್ಟು ಬಂತು.

"ಮುಗೀತಾ? ಅಲ್ರಿ, ಮಂದಿ ಕೂಡದನ ಹೆಂಗ ಶುರು ಮಾಡಿದ್ರಿ?"

"ಹತ್ತಕ್ಕೆ ಸರಿಯಾಗಿ ಅಂತ ಬರೆದಿದ್ದೆನಲ್ಲ?"

"ಅದನ್ನ ಎಲ್ಲಾ ನಾಟಕದವರೂ ಬರೀತಾರ್ರಿ. ಮೊದಲನೇ ಗಂಟಿ ಹೊಡದ ಮ್ಯಾಲ ನಾವು ಊಟಕ್ಕ ಕುಂದ್ರತೀವಿ, ಎರಡನೇ ಗಂಟಿಗೆ ಕೈ ತೊಳ್ಕೋತೀವಿ, ಮೂರನೇದಕ್ಕ ಬಂದು ಕುಂದ್ರತೀವಿ. ನೀವು ಗಂಟಿ ಹೊಡದ್ರೇನು?"

"ಗಂಟೆ ಹೊಡೆಯುವುದಿಲ್ಲ. ಗಡಿಯಾರ ನೋಡುತ್ತೇವೆ."

"ಗಡಿಯಾರ ನೀವು ನೋಡಿದ್ರ ನಮಗ ಹೆಂಗ ತಿಳೀಬೇಕ್ರಿ?"

ನಾನು ಉತ್ತರಿಸುವ ಮೊದಲೇ ಚಹಾದಂಗಡಿಯವನು ನಡುವೆ ಬಂದು ಹಿರಿಯರನ್ನು ಸಮಾಧಾನಪಡಿಸಿದ.

"ನೀ ಸಿಟ್ಟಾಗಬ್ಯಾಡೋ ಕಾಕಾ, ನಿಂದೇನೂ ತಪ್ಪಿಲ್ಲ. ಇವತ್ತ ಬರೇ ತಾಲೀಮು ಇತ್ತು, ನಾ ಕಣ್ಣಾರೆ ನೋಡೇನಿ. ಸಾಹೇಬ್ರಿಗೆ ಇನ್ನೂ ಮಾತು ಬಾಯಿಪಾಠ ಆಗಿಲ್ಲ."

ಜಾಗ ಹೋಗುತ್ತದೆ

ಮುಂದಿನ ವಾರ ಬೀಳಗಿ ಕಡೆಯಿಂದ ಒಂದು ಕುಟುಂಬ ಟೆಂಪೋ ಮಾಡಿಕೊಂಡು ಬಂತು. ನಾನು ಬಾಗಿಲಲ್ಲಿ ನಿಂತು, "ಎಲ್ಲರೂ ನನ್ನ ಹಿಂದೆ ಬನ್ನಿ, ಮೊದಲು ಬಲಗಡೆಯ ಕಂಬದಿಂದ ಶುರು ಮಾಡೋಣ" ಎಂದು ತಿರುಗಿ ನೋಡುತ್ತೇನೆ, ಹಿಂದೆ ಯಾರೂ ಇಲ್ಲ. ಬಾಗಿಲು ತೆರೆದದ್ದೇ ತಡ, ಗಂಡಸರು ಓಡಿ ಮುಂದಿನ ಸಾಲು ಹಿಡಿದಿದ್ದರು. ಒಬ್ಬಾತ ಟಾವೆಲ್ ಹರವಿ ಒಂದು ಇಡೀ ಬೆಂಚನ್ನು ಕಾದಿಟ್ಟುಕೊಂಡಿದ್ದ. ಹೆಂಗಸರು ಗ್ಯಾಲರಿ ಏರಿ ಬುತ್ತಿಯ ಗಂಟು ಬಿಚ್ಚಿಯಾಗಿತ್ತು.

"ಹೀಗೆ ಕೂರುವುದಲ್ಲ. ಎದ್ದು ಬನ್ನಿ, ತಿರುಗಾಡುತ್ತ ನೋಡಬೇಕು" ಎಂದೆ.

"ಎದ್ರ ಜಾಗಾ ಹೋಗ್ತೈತ್ರಿ" ಎಂದ ಟಾವೆಲ್ಲಿನವನು.

"ಎಲ್ಲಿಗೆ ಹೋಗುತ್ತದೆ? ಇಡೀ ಥೇಟರಿನಲ್ಲಿ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?"

ಆತ ಸುತ್ತಲೂ ನೋಡಿದ. ಹಿಂದೆ ಉದ್ದಕ್ಕೂ ಖಾಲಿ ಬೆಂಚುಗಳು. ಆದರೂ ನಂಬಿಕೆ ಬರಲಿಲ್ಲ. "ಈಗ ಇಲ್ಲ ಖರೆ. ನಾ ಎದ್ದ ಕೂಡಲೇ ಬರ್ತಾರ್ರಿ. ಯಾವಾಗ್ಲೂ ಹಂಗ ಆಗ್ತೈತಿ."

ಅಷ್ಟರಲ್ಲಿ ಆತನ ದೊಡ್ಡಪ್ಪನ ಮಗ ಆ ಟಾವೆಲ್ಲನ್ನು ಸರಿಸಿ ಕೂರಲು ಹೋದ. "ಏ, ಅದು ನಮ್ಮ ಮಾವಂದು!" "ನಿಮ್ಮ ಮಾವ ಎಲ್ಯದಾರ?" "ಊರಾಗ ಅದಾರ!" ಹೀಗೆ ಬರದೇ ಇರುವ ಮಾವನ ಜಾಗಕ್ಕಾಗಿ ಇಬ್ಬರೂ ಕೈ ಕೈ ಮಿಲಾಯಿಸುವ ತನಕ ಹೋದರು. ನಾನು ನಡುವೆ ನಿಂತು ಬಿಡಿಸಿದೆ. ಬೇರೆ ದಾರಿ ಕಾಣದೆ, ಅವರನ್ನು ಕೂತಲ್ಲೇ ಬಿಟ್ಟು, ನಾನೊಬ್ಬನೇ ಕಂಬದಿಂದ ಕಂಬಕ್ಕೆ ತಿರುಗಾಡಿ, ಮೆಟ್ಟಿಲು ಹತ್ತಿ ಇಳಿದು, ಕೈ ಎತ್ತಿ ತೋರಿಸಿ, ಬೆವತುಹೋಗಿ, ಎಲ್ಲವನ್ನೂ ವಿವರಿಸಿದೆ. ಅವರು ಕುತ್ತಿಗೆ ತಿರುಗಿಸುತ್ತ ಸಂತೋಷದಿಂದ ನೋಡಿದರು.

ಹೊರಗೆ ಹೋಗುವಾಗ ಒಬ್ಬ ಅಜ್ಜಿ, ಕೈಯಲ್ಲಿ ಶೇಂಗಾ ಚಟ್ನಿಪುಡಿ ಹಚ್ಚಿದ ರೊಟ್ಟಿ ಹಿಡಿದೇ, ಮಗಳಿಗೆ ಹೇಳಿದಳು: "ನಾಟಕ ಅಷ್ಟಕ್ಕಷ್ಟ ಬೇ. ಪಾರ್ಟು ಒಂದ ಐತಿ. ಆದ್ರ ಪಾಪ, ಬಾಳ ಓಡ್ಯಾಡ್ತೈತಿ."

ಪೂರ್ತಿ ನೋಡಿದವನು

ತಿಮ್ಮಾಪುರದ ಕಡೆಯ ಒಬ್ಬ ರೈತ ತನ್ನ ಬೇಟೆನಾಯಿಯನ್ನು ಕರೆದುಕೊಂಡೇ ಬಂದ. ಒಳಗೆ ನಾಯಿಗೆ ಪ್ರವೇಶವಿಲ್ಲ ಎಂದೆ. "ಜಾತಿ ನಾಯಿ ಐತ್ರಿ, ಬೊಗಳೂದಿಲ್ಲ. ನಾನ ಬೇಕಾದ್ರ ಹೊರಗ ಕುಂದ್ರತೇನಿ" ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟು ಆತ ಚಹಾ ಕುಡಿಯಲು ಹೋಗಿಬಿಟ್ಟ.

ನಾಯಿ ನನ್ನೊಡನೆ ಬಂತು. ಸಣ್ಣ ಹೊಟ್ಟೆ, ಉದ್ದ ಮೂತಿ, ಬಹಳ ಗಂಭೀರ. ಎಲ್ಲಿ ನಿಂತೆನೋ ಅಲ್ಲಿ ನಿಂತಿತು. ಗ್ಯಾಲರಿ ಹತ್ತಿತು. ಬಣ್ಣ ಹಚ್ಚುವ ಕೋಣೆಯ ಪ್ರತಿ ಮೂಲೆಯನ್ನೂ ಮೂಸಿತು. ಪಾತಾಳದ ಬಾಗಿಲು ಎತ್ತಿದಾಗ ಬಗ್ಗಿ ಒಳಗೆ ನೋಡಿತು. ನಡುವೆ ಫೋನು ತೆಗೆಯಲಿಲ್ಲ, ಟಾವೆಲ್ ಹಾಸಲಿಲ್ಲ, ಯಾವ ಸಿನಿಮಾ ನಡೀತೈತಿ ಎಂದು ಕೇಳಲಿಲ್ಲ. ಅಲ್ಲಿಯವರೆಗಿನ ರವಿವಾರಗಳಲ್ಲಿ ನಾನು ಹಾಕಿಕೊಂಡ ಕ್ರಮದಲ್ಲೇ ಇಡೀ ಥೇಟರನ್ನು ನೋಡಿದ ಸಂದರ್ಶಕ ಅದೊಂದೇ.

ಕೊನೆಗೆ ಹೊರಬಾಗಿಲ ಹತ್ತಿರ ಬಂದು, ಎಲ್ಲಕ್ಕಿಂತ ಹಳೆಯ ಸಾಗವಾನಿ ಕಂಬವನ್ನು ಆರಿಸಿಕೊಂಡು, ಒಂದು ಕಾಲು ಎತ್ತಿ, ತನ್ನ ಅಭಿಪ್ರಾಯವನ್ನು ತಿಳಿಸಿ ಹೋಯಿತು.

ಆಯೇರಿ

ರಬಕವಿಯಿಂದ ನೇಕಾರರ ಎರಡು ಮನೆತನಗಳು ಒಟ್ಟಿಗೆ ಬಂದ ದಿನ ನನಗೆ ಆಸೆ ಚಿಗುರಿತು. ತಂದೆ ತಾತಂದಿರ ಕಾಲದಿಂದ ನಾಟಕ ನೋಡಿದ ಜನ. ಕಿವಿಗೊಟ್ಟು ಕೇಳುತ್ತಿದ್ದರು. ನಾನು ಅಡವಿಯ ಪರದೆಯನ್ನು ಇಳಿಸಿ, ಬರೆದ ಕಲಾವಿದ ಎಲೆ ಎಲೆಯ ನೆರಳನ್ನೂ ಹೇಗೆ ಬೇರೆ ಬೇರೆ ಮಾಡಿದ್ದಾನೆ ಎಂದು ವಿವರಿಸುತ್ತಿದ್ದೆ. ಮಾತಿಗೆ ಒಂದು ಕಾವು ಬಂದಿತ್ತು. ಆಗ ಒಬ್ಬ ಗೃಹಸ್ಥರು ಸರಸರನೆ ರಂಗ ಹತ್ತಿ, ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿ, ಸಭೆಗೆ ತಿರುಗಿ ಕೂಗಿದರು.

"ಈಗ ಮಾತಾಡಾಕತ್ತ ಕಲಾವಿದರ ಅಭಿನಯ ಮೆಚ್ಚಿ, ನಮ್ಮ ಮನೆತನದ ವತಿಯಿಂದ ಪ್ರೀತಿಯ ಆಯೇರಿ!"

ಜೇಬಿನಿಂದ ಒಂದು ನೋಟು ತೆಗೆದು ಪಿನ್ನಿನಿಂದ ನನ್ನ ಎದೆಗೆ ಚುಚ್ಚಿದರು. ಅಂಗಿಗೆ ಎಂದು ಹೇಳಬೇಕು. ಸ್ವಲ್ಪ ಎದೆಗೂ ಚುಚ್ಚಿತು. ನಾಟಕದ ನಡುವೆ ಮೆಚ್ಚಿದ ಪಾತ್ರಧಾರಿಗೆ ಹೀಗೆ ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾನು ಪಾತ್ರಧಾರಿಯಲ್ಲ.

"ಕ್ಷಮಿಸಿ, ನಾನು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಅಭಿನಯಿಸುತ್ತಿಲ್ಲ, ಮಾಹಿತಿ ಕೊಡುತ್ತಿದ್ದೇನೆ" ಎಂದು ನೋಟು ಬಿಚ್ಚಿ ಕೊಟ್ಟೆ.

ಅವರ ಮುಖ ಸಣ್ಣದಾಯಿತು. ಕಿವಿಯ ಹತ್ತಿರ ಬಂದು, "ಕಡಿಮಿ ಆತೇನ್ರಿ?" ಎಂದು, ಅದರ ಜೊತೆ ಇನ್ನೊಂದು ನೋಟು ಸೇರಿಸಿ ಚುಚ್ಚಿದರು.

ಇನ್ನೊಂದು ಮನೆತನ ಸುಮ್ಮನೆ ಕೂತೀತೇ? ಅವರ ಕಡೆಯ ಹಿರಿಯ ಎದ್ದ. "ಅವರ್ದು ಎರಡು ಆದ್ರ ನಮ್ದು ಮೂರು!" ಎಂದು ಬಂದ. ಆಮೇಲೆ ನನ್ನ ಮಾತು ಯಾರಿಗೆ ಬೇಕು? ಒಂದು ಎಲೆಯ ಬಗ್ಗೆ ಹೇಳಿ ಇನ್ನೊಂದು ಎಲೆಗೆ ಹೋಗುವಷ್ಟರಲ್ಲಿ ಯಾರಾದರೂ ರಂಗ ಹತ್ತುತ್ತಿದ್ದರು. ಟಾವೆಲ್ ಹೊದಿಸಿದರು, ಹಾರ ಹಾಕಿದರು, ಕೊನೆಗೆ ಒಬ್ಬ ಅಕ್ಕ ಬಂದು ಕುಬಸದ ಖಣ ಕೈಗಿತ್ತಳು.

"ಹೆಣ್ಣು ಪಾರ್ಟಿನವರಿಗೆ ಅಂತ ತಂದಿದ್ದೆನ್ರಿ ಯಣ್ಣಾ. ಯಾರೂ ಬರಲಿಲ್ಲ. ನೀವ ಇಟ್ಕೊಳ್ರಿ."

ನೋಟುಗಳನ್ನು ಅಲ್ಲೇ ಹಿಂದಿರುಗಿಸಿದೆ. ಖಣವನ್ನು ಮಾತ್ರ ಆ ಅಕ್ಕ ಏನು ಮಾಡಿದರೂ ತಿರುಗಿ ಮುಟ್ಟಲಿಲ್ಲ, ಕೊಟ್ಟ ಖಣ ಮರಳಿ ತಗೊಂಡರೆ ಅಪಶಕುನವಂತೆ. ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟು, ಒಂದು ಪಾರಂಪರಿಕ ಕಟ್ಟಡದ ಕುರಿತು ಗಂಭೀರವಾಗಿ ಮಾತಾಡುವವನಿಗೆ ಈ ಜನ ಏನು ಗತಿ ತಂದರು ನೋಡು ಎಂದು ಗೋಳು ಹೇಳಿಕೊಂಡೆ. ಆಕೆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು.

"ಖಣ ಛಲೋ ಐತಿ. ಮುಂದಿನ ರವಿವಾರ ಇನ್ನೊಂದೀಟ ಜೋರಾಗಿ ಮಾಡ್ರಿ. ಇದಕ್ಕ ಒಪ್ಪೋ ಇಳಕಲ್ ಸೀರಿ ಬಂದೀತು."

ಮನಸ್ಸಿಟ್ಟು ಕೇಳಿದವರು

ಇದನ್ನು ನೆನೆದರೆ ಈಗಲೂ ನನಗೆ ನಗು ಬರುವುದಿಲ್ಲ. ಕೇಳಿದವರಿಗೆ ಬರುತ್ತದೆ.

ಮುಧೋಳದಿಂದ ಇಬ್ಬರು ಹಿರಿಯರು ಬಂದರು. ಬಂದದ್ದು ಹತ್ತಕ್ಕೆ. ನಾನು ಬೆರಗಾದೆ. ಹಿಂದೆ ಹಿಂದೆಯೇ ನಡೆದರು. ಕೂರಲಿಲ್ಲ. ಪ್ರತಿಯೊಂದಕ್ಕೂ ಪ್ರಶ್ನೆ ಕೇಳಿದರು, ಅದೂ ಎಂಥ ಪ್ರಶ್ನೆ! ಇಲ್ಲಿ ಎಷ್ಟು ಜನ ಕೂರುತ್ತಿದ್ದರು? ಹೆಂಗಸರ ದಾರಿ ಬೇರೆಯೇ? ಗಾಳಿ ಎಲ್ಲಿಂದ ಬರುತ್ತದೆ? ರಂಗ ಎಷ್ಟು ಭಾರ ತಡೆಯುತ್ತದೆ? ಕನ್ನಡಿ ಇರುವ, ಬಣ್ಣ ಹಚ್ಚುವ ಕೋಣೆಯಲ್ಲಂತೂ ಬಹಳ ಹೊತ್ತು ನಿಂತರು. ಇಲ್ಲಿ ರಾಜನ ಪಾತ್ರದವರು ಕೂರುತ್ತಿದ್ದರು, ಅಲ್ಲಿ ರಾಣಿಯ ಪಾತ್ರದವರು ಎಂದು ಹೇಳಿದಾಗ ಒಬ್ಬರನ್ನೊಬ್ಬರು ನೋಡಿ ತಲೆ ಆಡಿಸಿದರು. ಇಷ್ಟು ದಿನದ ನನ್ನ ಶ್ರಮಕ್ಕೆ ಇಬ್ಬರಾದರೂ ಸಿಕ್ಕರಲ್ಲ, ಅಧಿಕಾರಿ ಬಂದಾಗ ಇವರನ್ನೇ ಎದುರಿಗೆ ನಿಲ್ಲಿಸಬೇಕು ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಹಿರಿಯರಲ್ಲಿ ಒಬ್ಬರು ಮೆಲ್ಲಗೆ ಕೇಳಿದರು.

"ಎಲ್ಲಾ ಪಸಂದ ಐತ್ರಿ ಸಾಹೇಬ್ರ. ಅಡಿಗಿ ಮಾಡೂದು ಎಲ್ಲಿ?"

"ಅಡುಗೆಯೇ? ನಾಟಕದವರು ಹಿತ್ತಲಲ್ಲಿ ಮಾಡಿಕೊಳ್ಳುತ್ತಿದ್ದರು."

"ಆತು, ಹಿತ್ತಲದಾಗ ಪೆಂಡಾಲ ಹೊಡಸೂಣು. ಕನ್ನಡೀ ರೂಮು ಮದುಮಗಳಿಗೆ, ಅದರ ಬಾಜೂದ್ದು ವರನ ಕಡೀಯವರಿಗೆ. ಸ್ಟೇಜಿನ ಮ್ಯಾಲ ಲಗ್ನದ ಅಕ್ಕಿಕಾಳು ಹಾಕೂದು. ವೈಶಾಖದಾಗ ತಾರೀಖು ಖಾಲಿ ಐತೇನ್ರಿ?"

ಮಂಗಲ ಕಾರ್ಯಾಲಯ ಆಗುತ್ತದೆಯಂತೆ ಎಂದು ಅಧ್ಯಕ್ಷರು ಊರೂರಿಗೆ ಹೇಳಿಬಿಟ್ಟಿದ್ದರು. ಇವರು ಮಕ್ಕಳ ಲಗ್ನಕ್ಕೆ ಹಾಲ್ ನೋಡಲು ಬಂದ ಬೀಗರು! ನನ್ನ ಸಿಟ್ಟು ನೆತ್ತಿಗೇರಿತು. ಇದು ಪರಂಪರೆ, ಇದು ಕಲೆಯ ಮಂದಿರ, ಇಲ್ಲಿ ಒಂದು ಕಾಲದಲ್ಲಿ ಎಂಥೆಂಥ ದನಿಗಳು ಮೊಳಗಿವೆ, ಇದರ ಒಂದು ಹಲಗೆಯನ್ನೂ ಅಲುಗಿಸಲು ನಾನು ಬಿಡುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹಿರಿಯರು ಪೂರ್ತಿ ಕೇಳಿದರು. ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ.

"ಗಡಿಬಿಡಿ ಇಲ್ರಿ" ಎಂದರು. "ಹುಡುಗಿ ಇನ್ನೂ ಓದಾಕತ್ತಾಳ. ನಿಮ್ಮದೆಲ್ಲಾ ಮುಗಿಯೂಮಟ ಕಾಯ್ತೇವಿ."

ಪರದೆಗಳು

ಅಧಿಕಾರಿ ಬರುವ ದಿನ ಗೊತ್ತಾಯಿತು. ನಾನು ಅಧ್ಯಕ್ಷರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ.

"ಕಂಬಕ್ಕೆ ಗೆದ್ದಲು ಹತ್ತಿದೆ. ಮಾಡು ಸೋರುತ್ತದೆ. ಅವರಿಗೆ ತೋರಿಸಲು ನಮ್ಮಲ್ಲಿ ಉಳಿದಿರುವುದು ಪರದೆಗಳು. ಅಡವಿ, ಅರಮನೆ, ಪೇಟೆಯ ಬೀದಿ. ಇಂಥವು ಈಗ ಎಲ್ಲೂ ಸಿಗುವುದಿಲ್ಲ. ಅವನ್ನು ನೋಡಿದರೆ ಯಾವ ಅಧಿಕಾರಿಯೂ ಕೆಡವಿ ಎನ್ನಲಾರ. ಅವನ್ನು ಚೆನ್ನಾಗಿ ಕಾಪಾಡಿ."

"ನೀವು ಕಾಳಜಿ ಬಿಡ್ರಿ ಸಾಹೇಬ್ರ" ಎಂದರು ಅಧ್ಯಕ್ಷರು. "ಅವನ್ನ ನನಗ ಬಿಡ್ರಿ."

ನಾನು ಬಿಟ್ಟೆ. ಲೋಕಾಪುರದಲ್ಲಿ ತಂಗಿಯ ಮನೆಯ ವಾಸ್ತುಶಾಂತಿ ಇತ್ತು, ಹೋಗಿ ಬಂದೆ. ಬಸ್ಸು ಇಳಿದವನೇ ಮನೆಗೂ ಹೋಗದೆ ಥೇಟರಿಗೆ ಹೋದೆ. ಅಧ್ಯಕ್ಷರು ಬಾಗಿಲಲ್ಲೇ ಕಾಯುತ್ತಿದ್ದರು. ಮುಖದಲ್ಲಿ ಹಬ್ಬದ ಕಳೆ. ಕೈ ಹಿಡಿದು ಒಳಗೆ ಕರೆದೊಯ್ದು, ತಾವೇ ಹಗ್ಗ ಸಡಿಲಿಸಿದರು.

ಒಂದು ಬಿಳಿ ಬಟ್ಟೆ ಇಳಿಯಿತು. ಹಾಲಿನಂಥ ಬಿಳುಪು. ಎರಡನೆಯ ಹಗ್ಗ ಸಡಿಲಿಸಿದರು, ಇನ್ನೊಂದು ಬಿಳಿ ಬಟ್ಟೆ. ಮೂರನೆಯದೂ ಬಿಳಿ. ಒಂದೇ ಒಂದು ಸುಕ್ಕೂ ಇರಲಿಲ್ಲ.

"ಅಡವಿ ಎಲ್ಲಿ?" ಎಂದೆ.

"ಮೊದಲನೇದ್ದ ಅಡವಿ ರೀ. ಧೂಳು ಅಂದ್ರ ಧೂಳು ಕುಂತಿತ್ತು ಸಾಹೇಬ್ರ, ಅಧಿಕಾರಿ ಮುಂದ ಮರ್ಯಾದಿ ಹೋಗ್ತಿತ್ತು. ನಮ್ಮ ಕಾರಖಾನಿಗೆ ಒಯ್ಸಿ, ಹಂಡೇದಾಗ ಸೋಡಾ ಹಾಕಿ ಕುದಿಸಿ, ಬ್ಲೀಚ್ ಮಾಡಿಸಿ, ಗಂಜಿ ಕೊಟ್ಟು, ಇಸ್ತ್ರಿ ಹೊಡಸೇನಿ. ರಾತ್ರಿ ಹಗಲು ಕೆಲಸಗಾರರನ್ನ ಹಚ್ಚಿದ್ದೆ."

ನಾನು ಕೆಮಿಸ್ಟ್. ಅಂಟಿನಲ್ಲಿ ಕಲಸಿದ ಬಣ್ಣ ಕುದಿಯುವ ಸೋಡಾ ನೀರಿನಲ್ಲಿ ಏನಾಗುತ್ತದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ.

"ಬಣ್ಣ... ಅಷ್ಟೂ ಬಣ್ಣ..."

ಅಧ್ಯಕ್ಷರ ಮುಖವೂ ಬಾಡಿತು. ಪಕ್ಕದಲ್ಲಿ ಕೂತು, ನನ್ನ ಹೆಗಲ ಮೇಲೆ ಕೈಯಿಟ್ಟು, ಕಸುಬುದಾರನ ನಿಜವಾದ ನೋವಿನಿಂದ ಹೇಳಿದರು.

"ಹೌದ್ರಿ. ನನಗೂ ಬಾಳ ಕೆಟ್ಟ ಅನಸ್ತು. ಎಲ್ಲಾ ಕಚ್ಚಾ ಬಣ್ಣ! ಆಗಿನ ಮಂದಿ ನಾಟಕದವರಿಗೆ ಹೆಂಗ ಮೋಸ ಮಾಡ್ಯಾರ ನೋಡ್ರಿ. ನಮ್ಮ ಕಾರಖಾನಿ ಬಣ್ಣ ಆಗಿದ್ರ ನೂರು ಸಲ ಕುದಿಸಿದ್ರೂ ಒಂದು ಎಲಿ ಉದುರತಿದ್ದಿಲ್ಲ."

ಅಧಿಕಾರಿ

ಆ ದಿನ ಥೇಟರ್ ತುಂಬಿತು. ಅದನ್ನು ಒಪ್ಪಿಕೊಳ್ಳಬೇಕು. ಬೀಳಗಿಯವರು ಬಂದರು, ಮುಧೋಳದವರು ಬಂದರು, ರಬಕವಿಯವರು ಬಂದರು. ಗ್ಯಾಲರಿಯಲ್ಲಿ ಹೆಂಗಸರು, ಕಿಟಕಿಗಳಲ್ಲಿ ಹುಡುಗರು. ಇಷ್ಟು ಜನರ ಪ್ರೀತಿ ನೋಡಿದ ಅಧಿಕಾರಿ ಇದನ್ನು ಕೆಡವಿ ಎಂದಾರೆಯೇ ಎಂದು ನನ್ನಲ್ಲೂ ಒಂದು ಆಸೆ ಉಸಿರಾಡಿತು.

ಅಧಿಕಾರಿ ಎತ್ತರದ ಆಳು, ಗುಂಗುರು ಕೂದಲು, ಗಡುಸು ಗಂಟಲು. ಅವರು ಬಂದ ಕೂಡಲೇ ನಾನು ಒಳಗೆ ಕರೆದೊಯ್ದು ತೋರಿಸಿದೆ. ಕಂಬವನ್ನು ಬೆರಳಿನಿಂದ ಒತ್ತಿ ನೋಡಿದರು, ಬೆರಳು ಒಳಗೆ ಹೋಯಿತು. ಮೇಲೆ ನೋಡಿದರು, ಆಕಾಶ ಕಂಡಿತು.

"ಈ ಬಿಳಿ ಬಟ್ಟೆಗಳು ಏನು?" ಎಂದು ಕೇಳಿದರು.

"ಇದು ಅಡವಿ" ಎಂದೆ. "ಇದು ಅರಮನೆ. ಅದು ಪೇಟೆಯ ಬೀದಿ."

ಅವರು ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು, "ಸಾಹೇಬ್ರು ಇದರ ಸಲುವಾಗಿ ಬಾಳ ತ್ರಾಸು ತಗೊಂಡಾರ್ರಿ" ಎಂದು ಮರುಕದಿಂದ ಹೇಳಿದರು.

ಆಮೇಲೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಸನ್ಮಾನ ಮಾಡುವವರೆಲ್ಲ ರಂಗದ ಮೇಲೆಯೇ ಉಳಿದುಕೊಂಡದ್ದರಿಂದ ನನಗೆ ಕುರ್ಚಿ ಇಲ್ಲದಾಯಿತು. ಇಳಿದು ಹೋಗಿ ಕೊನೆಯ ಸಾಲಿನ ಮುಂದಿನ ಬೆಂಚಿನಲ್ಲಿ ಕೂತೆ. ಅಧಿಕಾರಿ ತಮ್ಮ ಅಭಿಪ್ರಾಯ ತಿಳಿಸಲು ಎದ್ದು, "ಮಾನ್ಯರೇ" ಎಂದರು. ಅದೇ ಗಳಿಗೆಗೆ ಕರೆಂಟು ಹೋಯಿತು, ಮೈಕು ಸತ್ತಿತು.

ಬೇರೆ ಯಾರಾದರೂ ಆಗಿದ್ದರೆ ಕೂರುತ್ತಿದ್ದರು. ಇವರು ಕೂರಲಿಲ್ಲ. ಕಾಲೇಜಿನಲ್ಲಿ ನಾಟಕ ಮಾಡಿದವರಂತೆ, ಆಮೇಲೆ ತಿಳಿಯಿತು. ಕಾಲ ಕೆಳಗೆ ಕಂಪನಿ ನಾಟಕದ ಹಲಗೆ, ಎದುರಿಗೆ ತುಂಬಿದ ಸಭೆ, ಹೆಗಲ ಮೇಲೆ ಜರಿ ಶಾಲು. ಮನುಷ್ಯನ ಒಳಗೆ ಏನೋ ಎದ್ದಿತು. ಎರಡು ಹೆಜ್ಜೆ ಮುಂದೆ ಬಂದರು. ಶಾಲನ್ನು ಬೀಸಿ ಎಡಹೆಗಲಿಗೆ ಎಸೆದರು.

"ಜಮಖಂಡಿಯ ಮಹಾಜನರೇ! ಕಾಲಪುರುಷನ ಹೊಡೆತಕ್ಕೆ ಸಿಕ್ಕಿ ನಲುಗಿದ ಈ ಮಂದಿರವನ್ನು ನಾನು ಕಣ್ಣಾರೆ ಕಂಡೆ! ಎಲೈ ಗೆದ್ದಲು ತಿಂದ ಕಂಬಗಳಿರಾ! ಬಣ್ಣ ಕಳೆದುಕೊಂಡ ಪರದೆಗಳಿರಾ! ಸಾಕು ನಿಮ್ಮ ಸೇವೆ! ಕೆಡವಿರಿ ಇದನ್ನು! ನೆಲಕ್ಕೆ ಕೆಡವಿರಿ! ಇದೇ ನೆಲದಲ್ಲಿ ಭವ್ಯವಾದ ಮಂಗಲ ಕಾರ್ಯಾಲಯವೊಂದು ತಲೆಯೆತ್ತಲಿ! ಇದೇ ನನ್ನ ಮಾತು! ಇದೇ ನನ್ನ ತೀರ್ಪು!"

ಮೈಕು ಇಲ್ಲ. ಆದರೂ ಒಂದೊಂದು ಅಕ್ಷರ ಗ್ಯಾಲರಿಗೆ ಏರಿ, ಮಾಡಿಗೆ ತಾಗಿ, ದುಂಡಗೆ ಬಂದು ಕೊನೆಯ ಬೆಂಚಿನ ಕಿವಿಗೆ ಬಿತ್ತು. ಕಟ್ಟಿದವರು ಎಂಥ ಜಾಣರಾಗಿದ್ದರು! ಈ ಥೇಟರಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ರವಿವಾರವೂ ತೋರಿಸಿರಲಿಲ್ಲ.

ಈಗ ಯಾರಾದರೂ ಎದ್ದು ಪ್ರತಿಭಟಿಸುತ್ತಾರೆ ಎಂದು ಕಾದೆ. ಎಲ್ಲಿಂದಲೋ ಒಂದು ಸೀಟಿ ಬಿತ್ತು. ಅದರ ಹಿಂದೆ ಇಡೀ ಥೇಟರ್ ಎದ್ದು ಕೂಗಿತು.

"ಒನ್ಸ್ ಮೋರ್!"

ಹಾಡು ಚೆಂದ ಬಂದರೆ, ಮಾತು ಗತ್ತಿನಿಂದ ಬಿದ್ದರೆ, ಮತ್ತೊಮ್ಮೆ ಹೇಳಿಸದೆ ಪಾತ್ರಧಾರಿಯನ್ನು ಒಳಗೆ ಬಿಟ್ಟ ಜನವಲ್ಲ ನಮ್ಮದು. ಏನು ಹೇಳಿದ ಎಂಬುದು ಆಮೇಲಿನ ಮಾತು. ಅಧಿಕಾರಿ ಎದೆಯ ಮೇಲೆ ಕೈಯಿಟ್ಟು ಬಾಗಿ ವಂದಿಸಿದರು. ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದು, "ಜಮಖಂಡಿಯ ಮಹಾಜನರೇ!" ಎಂದು ಮೊದಲಿನಿಂದ ಶುರು ಮಾಡಿದರು. ಈ ಸಲ "ಕೆಡವಿರಿ" ಎನ್ನುವಾಗ ಕಾಲು ಅಪ್ಪಳಿಸಿದರು, ಮಾಡಿನಿಂದ ಮಣ್ಣು ಉದುರಿತು. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಕಣ್ಣು ಒರೆಸಿಕೊಂಡ.

"ಅಳತೀ ಯಾಕೋ?" ಎಂದ ಪಕ್ಕದವನು.

"ಪಾಪ, ಥೇಟರ್ ಕೆಡವ್ತಾರಂತೋ."

"ಕೆಡವ್ಲಿ ಬಿಡು ಮಾರಾಯಾ, ಎಷ್ಟು ಛಂದ ಕೆಡವಾಕತ್ತಾನ ನೋಡು!"

ಮತ್ತೆ ಕೂಗು ಎದ್ದಿತು. ಅಧಿಕಾರಿ ಮೂರನೆಯ ಸಲಕ್ಕೆ ಶಾಲು ಸರಿಪಡಿಸಿಕೊಳ್ಳತೊಡಗಿದರು. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಇದು ನಾಟಕವಲ್ಲ, ಇವರು ಖರೆಯೇ ಕೆಡವುತ್ತಾರೆ, ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಇಲ್ಲ ಎಂದು ಬೆಂಚಿನಿಂದ ಎದ್ದು ನಿಂತೆ. ಎರಡೂ ಕೈ ಮೇಲೆತ್ತಿದೆ. "ಮಹನೀಯರೇ, ದಯವಿಟ್ಟು ಒಂದು ನಿಮಿಷ..."

ಹಿಂದಿನ ಬೆಂಚಿನವನು ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದ.

"ಕುಂದರ್ರಿ ಸಾಹೇಬ್ರ! ಹಿಂದಿನವರಿಗೆ ಏನೂ ಕಾಣವಲ್ದು!"